ಡ್ರ್ಯಾಗನ್ನಿನ ಬಾಲ ಹೊಗಳಿದವನು

ಕನ್ನಡಕದಂಗಡಿಯ ಮಾರಾಟಗಾರ ತನ್ನ ಮದುವೆಯನ್ನು ಒಂದು ಹಳೆಯ ಕತ್ತಿವರಸೆಯ ಚಿತ್ರದ ಕೈಗೆ ಒಪ್ಪಿಸಿಬಿಟ್ಟ. ಬಾಲ್ಯದಲ್ಲಿ ಅದನ್ನು ನೋಡಿ ಬಂದವನು ವಾರವಿಡೀ ಪೊರಕೆ ಹಿಡಿದು ಮಾಂತ್ರಿಕರನ್ನು ಸಂಹರಿಸಿದ್ದ.

ಅದೇ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಹುಡುಗಿ ಅವನನ್ನು ಒಪ್ಪಿಯಾಗಿತ್ತು. ಇನ್ನು ಒಪ್ಪಬೇಕಾದವರು ಅವಳ ಅಪ್ಪ ಮತ್ತು ಸೋದರಮಾವ.

"ಇಬ್ಬರೂ ಹೂಂ ಅಂದ್ರೇನೇ ಮದುವೆ. ಮಾತು ತಡವರಿಸಿದ್ರೆ ಯಾವುದಾದ್ರೂ ಹಳೇ ಸಿನಿಮಾ ಹಾಕಿಬಿಡಿ," ಎಂದಿದ್ದಳು.

ಭಾನುವಾರ ಇಬ್ಬರೂ ಹುಡುಗಿಯ ಜೊತೆ ಅವನ ಮನೆಗೆ ಬಂದರು. ಮಾತು ತಡವರಿಸಿತು. ತನ್ನ ಬಾಲ್ಯದ ಆ ಸಿನಿಮಾವನ್ನೇ ಹಾಕಿದ.

ಹಾಕಿದ ಮೇಲೆ ತಪ್ಪು ಗೊತ್ತಾಯಿತು. ವೀರನ ಉಕ್ಕಿನ ಕವಚ ಮಳೆಕೋಟಿನಂತೆ ಮೊಣಕೈಯಲ್ಲಿ ಸುಕ್ಕುಗಟ್ಟುತ್ತಿತ್ತು. ಮಾಂತ್ರಿಕ ಸಿಡಿಲು ಎಸೆಯುವ ಮೊದಲೇ ಸೈನಿಕರು ಸಾಯುತ್ತಿದ್ದರು. ಗುಹೆಯ ಬಂಡೆಗಳು ಗಾಳಿಗೆ ಪಟಪಟನೆ ಹೊಡೆದುಕೊಳ್ಳುತ್ತಿದ್ದವು. ಇದನ್ನು ಮೆಚ್ಚಿದೆನೆಂದರೆ ತಲೆ ಸರಿಯಿಲ್ಲವೆಂದಾರು! ಅಷ್ಟರಲ್ಲಿ ಡ್ರ್ಯಾಗನ್ ಬಂತು. ಹುಡುಗಿಯ ಅಪ್ಪ ಕುರ್ಚಿಯ ತುದಿಗೆ ಸರಿದರು. ಎದ್ದು ಹೊರಡುತ್ತಾರೆಂದೇ ಅವನು ಬಗೆದ.

"ನೋಡಿ ಸಾರ್, ಹಲ್ಲುನೋವು ಬಂದ ಎಮ್ಮೆ ಥರ ಇದೆ!" ಎಂದು ತಾನೇ ಮೊದಲು ನಕ್ಕ.

"ಅದರೊಳಗಿದ್ದದ್ದು ನಾನು," ಎಂದರು ಅಪ್ಪ.

"ಅಪ್ಪಾ! ನಮಗೆ ಹೇಳೇ ಇಲ್ವಲ್ಲ!" ಹುಡುಗಿ ಅಡುಗೆಮನೆಯಿಂದ ಓಡಿ ಬಂದಳು.

ಮಾರಾಟಗಾರ ಥಟ್ಟನೆ ಪರದೆಯತ್ತ ಬೆರಳು ಮಾಡಿದ. ಮುಖಕ್ಕೆ ಒಪ್ಪದ ಕನ್ನಡಕವನ್ನೂ ಮಾರಿ ಪಳಗಿದ ನಾಲಗೆಯದು. "ನಾನು ಹೇಳಿದ್ದು ತಲೆ ವಿಷಯ ಸಾರ್. ಬಾಲ ನೋಡಿ, ಬಾಲ! ಏನು ಗತ್ತು, ಏನು ಬಳುಕು! ಇಡೀ ಸಿನಿಮಾ ನಿಂತಿರೋದೇ ಅದರ ಮೇಲೆ!"

ಸೋದರಮಾವ ಸೋಫಾದಿಂದ ಪುಟಿದೆದ್ದರು. "ಕೇಳಿದ್ರಾ ಭಾವ? ಕೇಳಿದ್ರಾ? ಬಾಲ ನಾನು ಕಣಪ್ಪಾ, ಬಾಲ ನಾನು! ಇವರದ್ದು ಬರೀ ತಲೆ!"

"ನಾನು ಬಲಕ್ಕೆ ತಿರುಗಿದ್ರೆ ಎಡಕ್ಕೆ ಓಡ್ತಿದ್ದ ಬಾಲ," ಅಪ್ಪ ಹಲ್ಲು ಕಡಿದರು. "ಇವನ ದೆಸೆಯಿಂದ ನನ್ನನ್ನ ಇನ್ನೊಂದು ಸಿನಿಮಾಕ್ಕೆ ಯಾರೂ ಕರೀಲಿಲ್ಲ. ಮನೇಲಿ ಬಾಯಿ ಬಿಡದೇ ಇದ್ದದ್ದು ಅದಕ್ಕೇ."

"ತಲೇನೂ ಚೆನ್ನಾಗಿದೆ ಸಾರ್..."

"ಮಾತು ತಿರುಗಿಸಬೇಡ!" ಸೋದರಮಾವ ಗದರಿ, ಮರುಕ್ಷಣವೇ ಅವನನ್ನು ತಬ್ಬಿಕೊಂಡರು. "ಇಂಥ ರಸಿಕ ಹುಡುಗ ಮತ್ತೆ ಸಿಗ್ತಾನಾ ಭಾವ? ನನ್ನ ಒಪ್ಪಿಗೆ ಇದೆ!"

"ನೀನು ಒಪ್ಪಿದ್ಯಲ್ಲ, ಇನ್ನು ನಾನು ಒಪ್ಪೋದುಂಟೇ? ನಡಿ!"

ಅಪ್ಪ ಭಾವಮೈದುನನ ಕೈ ಹಿಡಿದು ಬಾಗಿಲಿನತ್ತ ಜಗ್ಗಿದರು. ಸೋದರಮಾವ ಬಾಗಿಲ ಚೌಕಟ್ಟನ್ನು ತಬ್ಬಿ, "ಮದುವೆ ಮಾತು ಮುಗಿಸೇ ಹೋಗೋಣ!" ಎಂದು ಒಳಕ್ಕೆ ಎಳೆದರು. ತಲೆ ಹೊರಗೆ, ಬಾಲ ಒಳಗೆ. ನಡುವೆ ಹರಿದದ್ದು ಮಾತ್ರ ಮಾರಾಟಗಾರನ ಮದುವೆ.