ತುಕ್ಕಿಗೆ ಬೆಲೆ ಕಟ್ಟುವವನು

ಬೇರೆಯವರಿಗೆ ವರ್ಷಕ್ಕೊಂದು ಎಡವಟ್ಟಾದರೆ ನನಗೆ ಗಾಡಿಗೊಂದು. ತಪ್ಪು ನನ್ನದಲ್ಲ, ಸುತ್ತಲಿನವರದು. ನೀವೇ ಓದಿ ಹೇಳಿ.

ವಾರವಿಡೀ ಅಮೆರಿಕದ ನಾರ್ತ್ ಕೆರೊಲಿನಾದ ಕ್ಯಾರಿ ಊರಲ್ಲಿ ಕೂತು ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತೇನೆ, ಅದು ಹೊಟ್ಟೆಪಾಡು. ಶನಿವಾರ ಬಂತೆಂದರೆ ನನ್ನ ಅಸಲಿ ವಿದ್ಯೆ ಶುರು. ಕೆಸರು, ಗುಡ್ಡ ಹತ್ತಿಸುವ ಡರ್ಟ್ ಬೈಕುಗಳಿವೆಯಲ್ಲ, ನಲವತ್ತು ಐವತ್ತು ವರ್ಷ ಹಳೆಯವು? ಅವುಗಳನ್ನು, ಅವುಗಳ ಬಿಡಿಭಾಗಗಳನ್ನು ನೋಡಿ, ಮಾರಿದರೆ ಎಷ್ಟಕ್ಕೆ ಹೋಗುತ್ತದೆ ಎಂದು ಹೇಳುವುದು. ಟ್ಯಾಂಕಿನ ಮುಚ್ಚಳ ತೆಗೆದು ಒಂದು ಸಲ ಮೂಸಿದರೆ ಸಾಕು, ಗಾಡಿ ಎಷ್ಟು ವರ್ಷದಿಂದ ಮಲಗಿದೆ ಅಂತ ಹೇಳಿಬಿಡುತ್ತೇನೆ. ನಮ್ಮ ತಾತ ಮದ್ದೂರು ಸೀಮೆಯಲ್ಲಿ ದನದ ದಲ್ಲಾಳಿ. ಎತ್ತಿನ ಹಲ್ಲು ನೋಡಿ ಅದರ ಜಾತಕ ಹೇಳುತ್ತಿದ್ದ. ಆ ರಕ್ತ ನನ್ನದು. ಎರಡೂ ಕೆರೊಲಿನಾ ಸೇರಿಸಿದರೂ ನನ್ನಂಥ ಇನ್ನೊಬ್ಬ ಸಿಗಲ್ಲ. ಇದ್ದರೆ ಬರಲಿ.

ಇದೆಲ್ಲ ನಡೆದ ಕಾಲಕ್ಕೆ ನನಗೊಂದು ಸಂಬಂಧ ಕುದುರುತ್ತಿತ್ತು. ಪಕ್ಕದೂರು ಏಪೆಕ್ಸಿನ ಆಂಟಿಯೊಬ್ಬರು ದೂರದ ಜಾನ್ಸ್ ಕ್ರೀಕ್ ಊರಿನ ತಮ್ಮ ಗೆಳತಿಯ ಮಗಳ ಫೋಟೋ ತೋರಿಸಿದ್ದರು. ನೋಡಿದ ದಿನವೇ ನಾನು ಬಿದ್ದು ಹೋಗಿದ್ದೆ. ಆಂಟಿ ಹೇಳಿದ್ದು ಒಂದೇ ಮಾತು: "ತುಂಬಾ ಡೀಸೆಂಟ್ ಜನ ಕಣಪ್ಪಾ. ಯುಗಾದಿ ಆದ್ಮೇಲೆ ಕರೀತಾರೆ. ಅಲ್ಲೀವರೆಗೆ ನಿನ್ನ ಬಗ್ಗೆ ಯಾವ ಸುದ್ದೀನೂ ಅಲ್ಲಿಗೆ ಹೋಗ್ಬಾರ್ದು."

ಹೋಗಬಾರದು ಅಂದರೆ ಹೋಗದೆ ಇರುತ್ತದೆಯೇ?

ಮೈ ತೊಳೆದ ಗಾಡಿ

ಒಂದು ಅಪರೂಪದ ಬೈಕು ಸಿಕ್ಕಿತ್ತು. ಫ್ಯಾಕ್ಟರಿಯಲ್ಲಿ ಬಳಿದ ಬಣ್ಣ ಮಾಸಿ, ಬೋಲ್ಟುಗಳು ತುಕ್ಕು ಹಿಡಿದು, ಟ್ಯಾಂಕಿನ ಮೇಲಿನ ಸ್ಟಿಕ್ಕರ್ ಅರ್ಧ ಹರಿದು, ನೋಡಿದರೆ ಕಣ್ಣು ತುಂಬಿಬರಬೇಕು. ನಮ್ಮ ಕಸುಬಿನಲ್ಲಿ ಅದೇ ಒಡವೆ. ಯಾರೂ ಕೈ ಹಾಕಿಲ್ಲ ಅನ್ನುವುದಕ್ಕೆ ಆ ತುಕ್ಕೇ ಸಾಕ್ಷಿ. ವಾಷಿಂಗ್ಟನ್ ಹತ್ತಿರದ ಒಬ್ಬ ಮುದುಕ, ಇಂಥವನ್ನೇ ಕೂಡಿಡುವವನು, ಫೋಟೋ ನೋಡಿಯೇ ಹೊರಟು ಬರುತ್ತೇನೆ ಅಂದ.

ಅವನು ಬರುವ ದಿನ ಆಯುಧಪೂಜೆ. ನನ್ನ ರೂಮ್‌ಮೇಟ್ ಮೈಸೂರಿನವನು, ಮಹಾ ದೈವಭಕ್ತ. ನಾನು ಹೂವು ತರಲು ಹೋಗಿ ಬರುವಷ್ಟರಲ್ಲಿ ತನ್ನ ಕಾರಿನ ಜೊತೆ ನನ್ನ ಗಾಡಿಯನ್ನೂ ತೊಳೆದಿದ್ದಾನೆ. ತೊಳೆದರೆ ಪರವಾಗಿಲ್ಲ, ಉಪ್ಪುಕಾಗದ ಹಿಡಿದು ತುಕ್ಕೆಲ್ಲ ಉಜ್ಜಿ, ಸ್ಟಿಕ್ಕರ್ ಕಿತ್ತು, ಮೇಲೊಂದು ಕೋಟು ಬೆಳ್ಳಿ ಬಣ್ಣ ಹೊಡೆದು, ಹೆಡ್‌ಲೈಟಿಗೆ ವಿಭೂತಿ ಬಳಿದು, ಎರಡು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ದ.

"ಹೆಂಗೆ ಫಳಫಳ ಅಂತಿದೆ ನೋಡೋ!" ಅಂದ.

ನಾನು ಕೂಗಾಡಿದ್ದು ಪೂಜೆಗೆ ಬಂದಿದ್ದ ಅಷ್ಟೂ ಜನಕ್ಕೆ ಕೇಳಿಸಿತು. ಅಷ್ಟರಲ್ಲಿ ಮುದುಕ ಬಂದ. ಗಾಡಿ ನೋಡಿದವನೇ ಸಾವಿನ ಮನೆಗೆ ಬಂದವನ ಹಾಗೆ ಟೋಪಿ ತೆಗೆದ. ಇದನ್ನು ಮಾಡಿದ್ದು ಯಾರು ಅಂತ ಮೆಲ್ಲಗೆ ಕೇಳಿದ. ನನ್ನ ರೂಮ್‌ಮೇಟ್ ಎದೆ ಉಬ್ಬಿಸಿ, "ನಾನೇ! ಫ್ರೀಯಾಗಿ!" ಅಂತ ಇಂಗ್ಲಿಷಿನಲ್ಲಿ ಹೇಳಿದ.

ಮುದುಕ ಒಂದು ಸುತ್ತು ಬಂದು, ಬಗ್ಗಿ, ಚಕ್ರದ ಕೆಳಗಿದ್ದ ನಿಂಬೆಹಣ್ಣು ಮುಟ್ಟಿ ನೋಡಿ ಹೇಳಿದ: "ಈ ಗಾಡಿಯಲ್ಲಿ ಒರಿಜಿನಲ್ ಅಂತ ಉಳಿದಿರೋದು ಇವೆರಡೇ."

ಟವೆಲ್ ಕೆಳಗೆ

ಕೂಗಾಟದ ಸುದ್ದಿ ಆಂಟಿಯ ಕಿವಿಗೆ ಬಿತ್ತು. "ಇನ್ನೊಂದೇ ಒಂದು ಬರ್ಲಿ, ಜಾನ್ಸ್ ಕ್ರೀಕ್ ಮರೆತುಬಿಡು" ಅಂದರು. ಆಯ್ತು ಆಂಟಿ ಅಂದೆ.

ವಸಂತ ಕಾಲದಲ್ಲಿ ಸೌತ್ ಕೆರೊಲಿನಾದ ಒಂದು ಬಯಲಿನಲ್ಲಿ ಹಳೆ ಗಾಡಿ, ಬಿಡಿಭಾಗಗಳ ಸಂತೆ ಸೇರುತ್ತದೆ. ರೂಮ್‌ಮೇಟನ್ನೂ ಕರೆದುಕೊಂಡು ಹೋದೆ. ಅಲ್ಲೊಬ್ಬ ಗಡ್ಡದ ಅಜ್ಜನ ಮೇಜಿನ ಮೇಲೆ ಒಂದು ಕಾರ್ಬುರೇಟರ್ ಕಂಡಿತು. ಅಂಥದ್ದು ಈಗ ಎಲ್ಲೂ ಸಿಗಲ್ಲ. ಆದರೆ ನನ್ನ ಹಿಂದೆ ಇನ್ನೂ ನಾಲ್ಕು ಜನ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ನಾನು ಬಾಯಿ ಬಿಟ್ಟು ಬೆಲೆ ಹೇಳಿದರೆ ಅವರು ಏರಿಸುವುದು ಖಂಡಿತ.

ಆಗ ನಮ್ಮ ತಾತ ನೆನಪಾದ. ದನದ ಸಂತೆಯಲ್ಲಿ ದಲ್ಲಾಳಿಗಳು ಬಾಯಿಯಲ್ಲಿ ಬೆಲೆ ಹೇಳುವುದಿಲ್ಲ. ಕೈ ಮೇಲೆ ಟವೆಲ್ ಹಾಕಿ, ಒಳಗೆ ಎದುರಿನವನ ಬೆರಳು ಒತ್ತುತ್ತಾರೆ. ಎರಡು ಬೆರಳು ಒತ್ತಿದರೆ ಇಷ್ಟು, ಮೂರು ಒತ್ತಿದರೆ ಅಷ್ಟು. ಪಕ್ಕದವನಿಗೆ ಗೊತ್ತೇ ಆಗಲ್ಲ. ನಾನು ಹೆಗಲ ಮೇಲಿದ್ದ ಟವೆಲನ್ನು ಅಜ್ಜನ ಕೈ ಮೇಲೆ ಹಾಕಿ, ಒಳಗೆ ಕೈ ಬಿಟ್ಟು, ಅವನ ಎರಡು ಬೆರಳು ಒತ್ತಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ.

ಅಜ್ಜ ಒಂದು ಗಳಿಗೆ ಬೆಚ್ಚಿದ. ಆಮೇಲೆ ಅವನ ಮುಖ ಮೆತ್ತಗಾಯಿತು. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಿದ! "ಓ ಕರ್ತನೇ, ದೂರದಿಂದ ಬಂದ ಈ ಹುಡುಗನ ಸಂಕಟ ಏನೇ ಇರಲಿ..." ಹಿಂದಿದ್ದ ನಾಲ್ವರೂ ಟೋಪಿ ತೆಗೆದರು. ಪಕ್ಕದ ಮೇಜಿನ ಹೆಂಗಸು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. ಬಿಡಿಸಿಕೊಳ್ಳೋಣ ಅಂತ ಮೂರನೇ ಬೆರಳು ಒತ್ತಿದೆ. ಅವನು ಇನ್ನೂ ಜೋರು ಮಾಡಿದ.

ಆಮೆನ್ ಆದಾಗ ಅಜ್ಜನ ಕಣ್ಣಲ್ಲಿ ನೀರು. ಅಂಥವನ ಹತ್ತಿರ ಚೌಕಾಸಿ ಮಾಡಲು ಬಾಯಿ ಬರುತ್ತದೆಯೇ? ಕೇಳಿದ್ದನ್ನು ಕೊಟ್ಟು ಬಂದೆ. ನನ್ನ ಜೀವಮಾನದಲ್ಲಿ ಅದೊಂದೇ ಸಲ.

ರೂಮ್‌ಮೇಟ್ ಅನ್ನುವ ಪ್ರಾಣಿ ಫೋಟೋ ತೆಗೆದು ಕನ್ನಡ ಗ್ರೂಪಿಗೆ ಹಾಕಿದ್ದ. ದಾರಿಯಲ್ಲೇ ಆಂಟಿಯ ಫೋನು.

"ಏನಪ್ಪಾ, ಕ್ರಿಶ್ಚಿಯನ್ ಆದ್ಯಂತೆ?"

"ಇಲ್ಲ ಆಂಟಿ, ಕಾರ್ಬುರೇಟರ್ ತಗೊಂಡೆ."

ಗ್ಯಾರೇಜಿನಲ್ಲಿ ಕಾಫಿ

ಆಂಟಿ ಅದು ಹೇಗೆ ಸಮಾಧಾನ ಮಾಡಿದರೋ, ಜಾನ್ಸ್ ಕ್ರೀಕಿನಿಂದ ಕರೆ ಬಂತು. "ಗಾಡಿ ವಿಷ್ಯ ಎತ್ತಿದ್ರೆ ನೋಡು" ಅಂತ ಎಚ್ಚರಿಸಿಯೇ ಕಳಿಸಿದರು. ಇಸ್ತ್ರಿ ಹಾಕಿದ ಶರ್ಟು ತೊಟ್ಟು, ಸ್ವೀಟ್ ಬಾಕ್ಸ್ ಹಿಡಿದು ಹೋದೆ. ಎತ್ತಿದ್ದು ನಾನಲ್ಲ, ಹುಡುಗಿಯ ಅಪ್ಪ.

"ಬಾರಪ್ಪಾ, ಈ ಮನೆ ತಗೊಂಡಾಗ ಹಳೇ ಓನರ್ ಗ್ಯಾರೇಜಲ್ಲಿ ಒಂದು ಬೈಕ್ ಬಿಟ್ಟುಹೋಗಿದ್ದಾನೆ. ನೀನು ಎಕ್ಸ್‌ಪರ್ಟ್ ಅಂತೆ, ನೋಡು."

ನೋಡಿದೆ. ಫ್ರೇಮಿನ ನಂಬರಿಗೆ ಎಂಜಿನ್ ನಂಬರ್ ತಾಳೆಯಾಗುತ್ತಿದೆ, ಸೀಟು ಸಹ ಫ್ಯಾಕ್ಟರಿಯದೇ. ಚಿನ್ನ! ಆದರೆ ನಮ್ಮ ಕಸುಬಿನ ಮೊದಲ ಪಾಠ, ಇಷ್ಟವಾಗಿದ್ದನ್ನು ಮುಖದಲ್ಲಿ ತೋರಿಸಬಾರದು. ಎಷ್ಟು ಇಷ್ಟವೋ ಅಷ್ಟು ಮುಖ ಸಿಂಡರಿಸಬೇಕು. ಸಿಂಡರಿಸಿ, ನಾಲಿಗೆ ಲೊಚಗುಟ್ಟಿ, ಟಾರ್ಚ್ ಬಿಟ್ಟುಕೊಂಡು ಒಂದು ಸುತ್ತು ಬಂದೆ.

ಅಷ್ಟರಲ್ಲಿ ಹುಡುಗಿಯೇ ಗ್ಯಾರೇಜಿಗೆ ಕಾಫಿ ತಂದಳು. ಫೋಟೋ ಏನೂ ಅಲ್ಲ ಬಿಡಿ. ಅಂಕಲ್ ನಗುತ್ತಾ, "ಇವಳೇ ನನ್ನ ಮಗಳು. ಹೇಳಪ್ಪಾ, ಹೇಗೆ, ಇಷ್ಟ ಆದ್ಳಾ?" ಅಂದರು.

ದೇವರಾಣೆ, ಅಷ್ಟು ಇಷ್ಟ ನನಗೆ ಯಾವುದೂ ಆಗಿರಲಿಲ್ಲ. ಅದೇ ಕೆಟ್ಟಿದ್ದು. ಮುಖ ತಾನಾಗಿ ಸಿಂಡರಿಸಿತು. ನಾಲಿಗೆ ಲೊಚಗುಟ್ಟಿತು. ಬಾಯಿ ಹೇಳಿತು: "ಪರವಾಗಿಲ್ಲ ಅಂಕಲ್. ನೋಡೋಣ. ಇನ್ನೂ ಒಂದೆರಡು ಕಡೆ ವಿಚಾರಿಸ್ತೀನಿ."

ಅಂಕಲ್ ಕೈಯ ಲೋಟ ಗಾಳಿಯಲ್ಲೇ ನಿಂತಿತು. ಬಾಗಿಲಲ್ಲಿದ್ದ ಅವಳಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಮುಗಿಯಿತು ಕಥೆ ಅಂದುಕೊಂಡೆ.

ಹುಡುಗಿ ಮಾತ್ರ ಕಾಫಿ ಟ್ರೇ ಪಕ್ಕಕ್ಕಿಟ್ಟು, ನನ್ನ ಕೈಯಿಂದ ಟಾರ್ಚ್ ಕಿತ್ತುಕೊಂಡಳು. ಅವಳ ಕೆಲಸ ಏನೆಂದು ಆಂಟಿ ಹೇಳಿರಲಿಲ್ಲ, ನನಗೆ ಗೊತ್ತಾಗಿದ್ದು ಆಮೇಲೆ. ಇನ್ಶೂರೆನ್ಸಿನವರ ಪರವಾಗಿ ಗುದ್ದಿಸಿಕೊಂಡ ಕಾರುಗಳನ್ನು ಪರೀಕ್ಷಿಸಿ, ರಿಪೇರಿ ಮಾಡಿಸಬೇಕೋ, ಟೋಟಲ್ ಲಾಸ್ ಅಂತ ಬರೆದು ಗುಜರಿಗೆ ಕಳಿಸಬೇಕೋ ಅಂತ ತೀರ್ಮಾನ ಮಾಡುವವಳು!

"ಯಾವ ಇಯರ್ ಮಾಡೆಲ್?" ಟಾರ್ಚ್ ನನ್ನ ಮುಖಕ್ಕೆ ಬಿಟ್ಟು ಕೇಳಿದಳು. ಇಲ್ಲೇ ಹುಟ್ಟಿದವಳ ಕನ್ನಡ.

"ತೊಂಬತ್ತಾರು."

"ಸಿಂಗಲ್ ಓನರ್?"

"ಅಮ್ಮ ಒಬ್ಬಳೇ."

"ಎಲ್ಲಾ ಒರಿಜಿನಲ್ ಪಾರ್ಟ್ಸಾ?"

"ಒಂದು ಹಲ್ಲು ಬಿಟ್ಟು."

"ಆಕ್ಸಿಡೆಂಟ್ ಹಿಸ್ಟರಿ?"

"ಬೆಂಗಳೂರಲ್ಲಿ ಒಂದು ಸಲ ಪ್ರಪೋಸ್ ಮಾಡಿದ್ದೆ."

ನನ್ನ ಸುತ್ತ ಒಂದು ಸುತ್ತು ಬಂದಳು. ಹಿಂದೆ ನಿಂತು ಏನು ನೋಡಿದಳೋ, ತಿರುಗುವ ಧೈರ್ಯ ನನಗಾಗಲಿಲ್ಲ. ಮದ್ದೂರಿನ ಗಂಡು, ಎತ್ತಿನ ಹಾಗೆ ಸುಮ್ಮನೆ ನಿಂತಿದ್ದೆ. ಕೊನೆಗೆ ಅಂಕಲ್ಲೇ ಕೇಳಿದರು, "ಏನಮ್ಮಾ ಮಾಡೋದು? ವಾಪಸ್ ಕಳಿಸೋದಾ?"

ಅವಳು ಟಾರ್ಚ್ ಆರಿಸಿದಳು.

"ಬೇಡ ಡ್ಯಾಡಿ. ಟೋಟಲ್ ಲಾಸ್ ಅಲ್ಲ, ಸೌಂಡ್ ಮಾತ್ರ ಜಾಸ್ತಿ ಇದೆ. ರಿಪೇರಿ ಆಗುತ್ತೆ. ಬಟ್ ಹೊರಗೆ ಎಲ್ಲೂ ಮಾಡಲ್ಲ, ಮನೇಲೇ ಇಟ್ಕೊಂಡು ನಾನೇ ಮಾಡ್ಬೇಕು."