ಸೊಳ್ಳೆ ಸಾಹೇಬರ ಇಳಿಜಾರು ಮನೆ

ಊರಿನವರೆಲ್ಲ ಅವರನ್ನು ಸೊಳ್ಳೆ ಸಾಹೇಬರು ಎಂದೇ ಕರೆಯುತ್ತಿದ್ದರು. ಕಟ್ಟಡ ತಪಾಸಣಾಧಿಕಾರಿ ಎಂಬ ಗಂಭೀರ ಹೆಸರು ಕಚೇರಿಯ ಬಾಗಿಲಿಗಷ್ಟೇ ಅಂಟಿಕೊಂಡಿತ್ತು. ಯಾರೇ ಮನೆ ಕಟ್ಟಲಿ, ರಿಪೇರಿ ಮಾಡಿಸಲಿ, ಎಲ್ಲೂ ನೀರು ನಿಂತು ಸೊಳ್ಳೆ ಹುಟ್ಟುವುದಿಲ್ಲ ಎಂದು ಇವರು ಬರೆದುಕೊಟ್ಟ ಮೇಲೆಯೇ ಒಳಗೆ ವಾಸ. ಒಂದು ಮರಿ ಕಂಡರೂ ನೋಟಿಸು. ಎರಡು ವಾರ ಬಿಟ್ಟು ಮರುತಪಾಸಣೆ. ಆ ನಿಯಮ ಬರೆದವರೂ ಇವರೇ.

ಇಂಥವರು ಸ್ವಂತ ಮನೆ ದುರಸ್ತಿಗೆ ಹೊರಟರೆ ಕೇಳಬೇಕೆ? ತಾರಸಿ ಇಳಿಜಾರಾಯಿತು, ಅದು ಸರಿ. ಕಿಟಕಿಯ ಮೇಲಿನ ಸಜ್ಜಾ ಇಳಿಜಾರಾಯಿತು, ಅದೂ ಸರಿ. ಆಮೇಲೆ ಕಾಂಪೌಂಡ್ ಗೋಡೆಯ ನೆತ್ತಿ, ಬಾಲ್ಕನಿ, ಕೊನೆಗೆ ಅಡುಗೆಮನೆಯ ಕಟ್ಟೆಯೂ ಇಳಿಜಾರಾಯಿತು. ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಲೇ ಹೇಳಿದ್ದನ್ನು ಮಾಡಿಕೊಟ್ಟು ಹೋದ.

"ರೀ, ಹೆಚ್ಚೋಕೆ ಅಂತ ಟೊಮೇಟೊ ಇಟ್ರೆ ಓಡಿಹೋಗುತ್ತೆ," ಎಂದಳು ಹೆಂಡತಿ.

"ಓಡ್ಲಿ ಬಿಡು. ನೀರೂ ಹಾಗೇ ಓಡುತ್ತೆ. ಅದೇ ಬೇಕಾಗಿರೋದು!"

"ಟೊಮೇಟೊ ಹಿಂದೆ ನಾನೂ ಓಡ್ಬೇಕಾ?"

"ವ್ಯಾಯಾಮ ಅಂದ್ಕೋ."

(ಸಾಹೇಬರ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅದರಿಂದ ಕಿಂಚಿತ್ತೂ ಪ್ರಯೋಜನವಾಗಿರಲಿಲ್ಲ.)

ಅವರಿಗೆ ಅವಸರವೂ ಇತ್ತು. ಕೆಲಸ ನಡೆದ ಎರಡು ತಿಂಗಳೂ ಇಬ್ಬರೂ ಹೆಂಡತಿಯ ಅಕ್ಕನ ಮನೆಯಲ್ಲಿದ್ದರು. ಅಲ್ಲಿ ಷಡ್ಡಕರು ದಿನಾ ಬೆಳಿಗ್ಗೆ ತಮ್ಮ ಕಿಡ್ನಿಯ ಕಲ್ಲು ಹೊರಬಂದ ಮಹಾಪುರಾಣವನ್ನು ಮೊದಲಿನಿಂದ ಶುರುಮಾಡುತ್ತಿದ್ದರು. ಮೊದಲ ವಾರ ಸಾಸಿವೆಯಷ್ಟಿದ್ದ ಕಲ್ಲು ಈಗ ನಿಂಬೆಹಣ್ಣಿನಷ್ಟಾಗಿತ್ತು. ಇನ್ನು ಒಂದು ದಿನ ಕೇಳಿದರೂ ತಮಗೆ ಹುಚ್ಚು ಹಿಡಿಯುವುದು ಖಂಡಿತ ಎಂದು ಸಾಹೇಬರಿಗೆ ಅನಿಸಿತ್ತು. ಭಾನುವಾರ ಏನೇ ಆಗಲಿ ಸ್ವಂತ ಮನೆ ಸೇರಬೇಕು.

ತಮ್ಮ ಮನೆಗೆ ತಾವೇ ಒಪ್ಪಿಗೆ ಪತ್ರ ಬರೆದುಕೊಳ್ಳುವಂತಿಲ್ಲವಲ್ಲ, ಹಾಗಾಗಿ ಅವರ ಕೈಕೆಳಗೇ ಕೆಲಸ ಕಲಿತ ಕಿರಿಯ ಅಧಿಕಾರಿಣಿ ಶನಿವಾರ ಟಾರ್ಚು ಹಿಡಿದು ಬಂದಳು. ಸಾಹೇಬರು ಮದುವೆಗೆ ನಿಂತ ಮಗಳನ್ನು ತೋರಿಸುವವರ ಹಾಗೆ ಮನೆಯನ್ನು ತೋರಿಸಿದರು. ತಾರಸಿಯ ಮೇಲೆ ಒಂದು ಬಕೆಟ್ ನೀರು ಸುರಿದರು. ಅದು ಎಲ್ಲೂ ತಡವರಿಸದೆ ಕೊಳವೆ ಸೇರಿತು. ಟ್ಯಾಂಕಿನ ಮುಚ್ಚಳ ಭದ್ರ, ಗಾಳಿಕೊಳವೆಗೆ ಬಲೆ, ಮೋರಿ ಶುಚಿ. ಸಾಹೇಬರ ಎದೆ ಎರಡು ಅಂಗುಲ ಉಬ್ಬಿತು.

"ಬಾಲ್ಕನಿ ಒಂದು ನೋಡಿಬಿಡ್ತೀನಿ ಸರ್, ಆಮೇಲೆ ಸಹಿ."

ಬಾಲ್ಕನಿಯಲ್ಲಿ ಹೆಂಡತಿಯ ಐದು ಹೂಕುಂಡಗಳು ಸಾಲಾಗಿ ನಿಂತಿದ್ದವು. ಒಂದೊಂದರ ಅಡಿಯಲ್ಲೂ ಅಗಲವಾದ ತಟ್ಟೆ, ತಟ್ಟೆಯ ಅಡಿಗೆ ಮರದ ಚೂರು.

"ಇದೇನು ಮೇಡಂ?" ಎಂದು ಹುಡುಗಿ ಜೊತೆಗೇ ಬಂದಿದ್ದ ಹೆಂಡತಿಯನ್ನು ಕೇಳಿದಳು.

"ಇಳಿಜಾರಲ್ಲಿ ಕುಂಡ ಜಾರಿ ಬೀಳ್ತಿದ್ವು ಕಣಮ್ಮ. ಹತ್ತು ದಿನದ ಹಿಂದೆ ಇವರೇ ಕೂತು, ಮರದ ಚೂರು ಕೊಟ್ಟು, ರಸಮಟ್ಟ ಇಟ್ಟು ಅಳೆದು ಕೂರಿಸಿದ್ರು. ಕೂದಲೆಳೆಯಷ್ಟೂ ವಾಲಿಲ್ಲ ನೋಡು. ನಾನು ದಿನಾ ಬಂದು ಗಿಡಕ್ಕೆ ನೀರು ಹಾಕಿ ಹೋಗ್ತೀನಿ."

ಹುಡುಗಿ ತಟ್ಟೆಯೊಳಗೆ ಟಾರ್ಚಿನ ಬೆಳಕು ಬಿಟ್ಟಳು. ಸಾಹೇಬರೂ ಅವಳ ಪಕ್ಕದಿಂದ ಬಗ್ಗಿ ನೋಡಿದರು. ತಟ್ಟೆಯಲ್ಲಿ ನಿಂತ ತಿಳಿನೀರಿನಲ್ಲಿ ಸೊಳ್ಳೆ ಮರಿಗಳು ಡೊಂಕಾಗಿ ಕುಣಿಯುತ್ತ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದವು. ಅಷ್ಟು ವರ್ಷದ ಅಭ್ಯಾಸ ಎಲ್ಲಿ ಹೋಗಬೇಕು? ಸಾಹೇಬರ ಮುಖ ಊರಗಲ ಅರಳಿತು. ತಾವು ಯಾರ ಮನೆಯಲ್ಲಿ ನಿಂತಿದ್ದೇವೆ ಎಂಬುದೇ ಮರೆತುಹೋಯಿತು.

"ಸಿಕ್ತು! ಸಿಕ್ತು ನೋಡಿ!" ಎಂದು ಕುಣಿದಾಡಿದರು. "ಬರೀರಿ ನೋಟಿಸು! ಎರಡು ವಾರ ಯಾರೂ ಒಳಗೆ ಕಾಲಿಡೋ ಹಾಗಿಲ್ಲ. ಎಲ್ಲಿ ಈ ಮನೆ ಯಜಮಾನ? ಕರೀರಿ ಅವನನ್ನ, ಎರಡು ಮಾತು ಬುದ್ಧಿ ಹೇಳ್ತೀನಿ!"

ಹುಡುಗಿ ಪೆನ್ನು ಹಿಡಿದು ಪೆಚ್ಚಾಗಿ ನಿಂತಳು. ಹೆಂಡತಿ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು.

"ರೀ, ಸ್ವಲ್ಪ ಬನ್ನಿ ಇಲ್ಲಿ," ಎಂದು ಅವರ ಮುಖವನ್ನೇ ನೋಡುತ್ತ ಕೂಗಿದಳು, "ಯಾರೋ ಸಾಹೇಬರು ನಿಮ್ಮನ್ನ ಕರೀತಿದ್ದಾರೆ!"