ಸಕ್ಕರೆ ಗುಲಾಬಿ ಅರಳಿದ್ದು ಯಾವ ರಾಜ್ಯದಲ್ಲಿ?

ನದಿಯಾಚೆಯ ರಾಜ್ಯದ ವೇತನ ತೆರಿಗೆ ವಿಭಾಗದ ದೂರವಾಣಿಯೊಳಗೆ ಹಗಲಿರುಳೆನ್ನದೆ ಮಾತನಾಡುವ ಧ್ವನಿಮುದ್ರಿತ ಕಂಠದವರ ಸನ್ನಿಧಾನಕ್ಕೆ,

ಮಾನ್ಯರೇ,

ಮಿಸಿಸಿಪ್ಪಿ ನದಿಯ ಈಚೆ ದಡದ ಟ್ವೀಟನ್ ಬೇಕರಿಯ ಒಡತಿ ಲವೋನ್ ಟ್ವೀಟನ್ ಮಾಡುವ ಅನಂತ ವಂದನೆಗಳು. ಇತ್ತ ನಾನೂ ನನ್ನ ಒಲೆಗಳೂ ಕ್ಷೇಮ. ಅತ್ತ ತಮ್ಮ ಗಂಟಲಿನ ಕ್ಷೇಮಕ್ಕೆ ಸದಾ ಹಾರೈಸುತ್ತೇನೆ. "ನಿಮ್ಮ ಕರೆ ನಮಗೆ ಅತ್ಯಮೂಲ್ಯ" ಎಂದು ತಾವು ಈ ಬೇಸಿಗೆಯಲ್ಲಿ ನನಗೆ ಹೇಳಿದಷ್ಟು ಸಲ ಅಂಥ ಮಾತನ್ನು ನನ್ನ ಗಂಡ ಇಡೀ ಸಂಸಾರದಲ್ಲಿ ಹೇಳಿಲ್ಲವಾದ್ದರಿಂದ, ಮೊದಮೊದಲು ನಾನು ಸ್ವಲ್ಪ ನಾಚಿಕೊಂಡದ್ದೂ ಉಂಟು.

ವಿಷಯಕ್ಕೆ ಬರುತ್ತೇನೆ. ನನ್ನ ಬೇಕರಿಯ ಮದುವೆ ಕೇಕುಗಳಿಗೆ ಕ್ರೀಮಿನ ಗುಲಾಬಿ ಬಿಡಿಸುವವಳು ಆರ್ಡಿಸ್ ಹೌಗೆನ್, ನಮ್ಮ ಅತ್ತೆಯ ಕಾಲದಿಂದಲೂ ಇರುವ ಹೆಂಗಸು. ಅವಳ ಮನೆ ತಮ್ಮ ರಾಜ್ಯದಲ್ಲಿ, ಕೆಲಸ ನಮ್ಮ ರಾಜ್ಯದಲ್ಲಿ, ನಡುವೆ ಒಂದು ಸೇತುವೆ. ಕಳೆದ ಚಳಿಗಾಲದಲ್ಲಿ ಚರ್ಚಿನ ಮೆಟ್ಟಿಲ ಮೇಲಿನ ಹಿಮಕ್ಕೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಒಂಟಿ ಜೀವ. ಮಾಡಲು ಕೆಲಸವಿಲ್ಲದೆ ಗೋಡೆ ನೋಡುತ್ತ ಮಲಗಿದ್ದವಳು ದಿನದಿನಕ್ಕೆ ಸೊರಗುವುದನ್ನು ಕಂಡು ತಡೆಯಲಾರದೆ, ನಾನೇ ಕ್ರೀಮಿನ ಡಬ್ಬಿ ಹೊತ್ತು ಸೇತುವೆ ದಾಟಿ ಅವಳ ಅಡುಗೆಮನೆಯ ಮೇಜಿನ ಮೇಲಿಟ್ಟೆ. ಕೂತಲ್ಲೇ ಗುಲಾಬಿ ಬಿಡಿಸತೊಡಗಿದಳು. ಕೆಲವೇ ದಿನಗಳಲ್ಲಿ ಊಟ ಸೇರಿತು, ಕೆನ್ನೆಗೆ ಬಣ್ಣ ಬಂತು, ಹಿಂದಿನಂತೆ ನನ್ನನ್ನು ಬೈಯಲೂ ಶುರು ಮಾಡಿದಳು. ಪುಣ್ಯದ ಕೆಲಸ ಮಾಡಿದೆನೆಂದು ನಾನು ಬೀಗಿದೆ.

ಆ ಜಂಬ ಇಳಿಸಿದವರು ನಮ್ಮ ಆಡಿಟರ್ ರಾಜರ್ ಬ್ರೆಕೆ. "ಅಯ್ಯೋ ಲವೋನ್, ಎಂಥಾ ಕೆಲ್ಸ ಮಾಡ್ಕೊಂಡ್ರಿ! ಆಳು ಎಲ್ಲಿ ಕೂತು ಕೆಲ್ಸ ಮಾಡ್ತಾರೋ ಆ ರಾಜ್ಯದ ತೆರಿಗೇನೇ ಸಂಬಳದಲ್ಲಿ ಹಿಡೀಬೇಕು. ಆಚೆ ಕಡೆ ಮಾಲೀಕಳು ಅಂತ ಹೆಸರು ನೋಂದಾಯಿಸಿ, ಇಲ್ಲಾಂದ್ರೆ ಆ ಅಜ್ಜೀನ ಬಿಟ್ಬಿಡಿ. ಒಬ್ಬರಿಗೋಸ್ಕರ ಇಷ್ಟೆಲ್ಲಾ ತಾಪತ್ರಯ ಯಾರ್ರೀ ಪಡ್ತಾರೆ?" ಎಂದರು. ಗುಟ್ಟಾಗಿ ಕೈಗೆ ಕಾಸು ಕೊಟ್ಟು ಸುಮ್ಮನಿರು ಎಂದವರೂ ಇದ್ದರು. ಆದರೆ ನಾವು ಹೇಳಿಕೇಳಿ ಎಡವಿದ ಕುರ್ಚಿಗೂ ಕ್ಷಮೆ ಕೇಳುವ ಜನ. ಸರ್ಕಾರದ ಕಣ್ಣಿಗೆ ಮಣ್ಣೆರಚುವುದು ನಮ್ಮಿಂದಾಗದು. ಆರ್ಡಿಸಳನ್ನು ಬಿಡುವುದಂತೂ ದೂರದ ಮಾತು.

ಹೀಗಾಗಿ ತಮ್ಮ ಅರ್ಜಿಯ ದರ್ಶನಭಾಗ್ಯ ಒದಗಿತು. ಎಂಥ ಅರ್ಜಿ! ಕೆಲಸದ ಎಷ್ಟು ಪಾಲು ತಮ್ಮ ನೆಲದಲ್ಲಿ ನಡೆಯುತ್ತದೆ ಎಂದು ಅದು ಕೇಳುತ್ತದೆ. ಕ್ರೀಮಿಗೆ ಬೆಣ್ಣೆ ಕಡೆಯುವುದು ನಮ್ಮಲ್ಲಿ, ಗುಲಾಬಿ ಅರಳುವುದು ತಮ್ಮಲ್ಲಿ, ಅದು ಕೇಕಿನ ಮೇಲೆ ಕೂರುವುದು ಮತ್ತೆ ನಮ್ಮಲ್ಲಿ. ಎಸಳಿಗೆ ಯಾವ ಬಣ್ಣವೆಂದು ಯೋಚಿಸುವಾಗ ಆರ್ಡಿಸ್ ಕಿಟಕಿಯಿಂದ ನಮ್ಮ ದಡವನ್ನೇ ನೋಡುತ್ತಾಳಾದ್ದರಿಂದ ಆ ಯೋಚನೆಯ ತೆರಿಗೆ ಯಾವ ಖಜಾನೆಗೆ ಸೇರಬೇಕೆಂದು ತಾವೇ ಅಪ್ಪಣೆ ಕೊಡಿಸಬೇಕು. ಇನ್ನು, ನೋಂದಣಿ ಸಂಖ್ಯೆಯಿಲ್ಲದೆ ತೆರಿಗೆ ಕಟ್ಟುವಂತಿಲ್ಲ, ತೆರಿಗೆ ಹಿಡಿಯದೆ ಸಂಬಳ ಕೊಡುವಂತಿಲ್ಲ, ಮೊದಲ ಸಂಬಳ ಕೊಟ್ಟ ದಿನಾಂಕ ಬರೆಯದೆ ನೋಂದಣಿ ಸಂಖ್ಯೆಯಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಸರ್ಕಾರಿ ಅರ್ಜಿಯಾಗಿ ಅಚ್ಚು ಹಾಕಿಸಿದ ಕೀರ್ತಿ ತಮ್ಮ ವಿಭಾಗಕ್ಕೇ ಸಲ್ಲಬೇಕು.

ಅನುಮಾನ ಪರಿಹರಿಸಿಕೊಳ್ಳಲು ಕರೆ ಮಾಡಿದರೆ ತಾವು ಒಂದನ್ನು ಒತ್ತಿ ಎಂದಿರಿ, ಒತ್ತಿದೆ. ನಾಲ್ಕನ್ನು ಒತ್ತಿ ಎಂದಿರಿ, ಒತ್ತಿದೆ. ಕೊಳಲು ಕೇಳಿಸಿ ಪುನಃ ಮೊದಲಿಗೇ ತಂದು ಬಿಟ್ಟಿರಿ. ಅಷ್ಟರಲ್ಲಿ ಎರಡು ತಟ್ಟೆ ಬನ್ನು ಸೀದುಹೋದವು. ತಮ್ಮ ಸಮಯ ಅಮೂಲ್ಯವೆಂದು ಬಲ್ಲೆನಾದ್ದರಿಂದ ಸುಲಭದ ದಾರಿಗಳನ್ನು ನಾನೇ ಸೂಚಿಸುತ್ತೇನೆ. ಅವಳು ಗುಲಾಬಿ ಬಿಡಿಸುವ ದಿನವಾದ ಗುರುವಾರ ಗುರುವಾರ ಮಿಸಿಸಿಪ್ಪಿಯನ್ನು ಆರ್ಡಿಸಳ ಹಿತ್ತಿಲಿನಾಚೆಗೆ ಹರಿಸಿ, ಕೇಕು ಸಾಗಿಸಿಯಾದ ಮೇಲೆ ಮೊದಲಿನ ಜಾಗಕ್ಕೆ ತರಬಹುದು. ಅದು ಕಷ್ಟವಾದರೆ ಅವಳ ಮೇಜಿನಗಲದ ನೆಲವನ್ನಷ್ಟೇ ನಮ್ಮ ರಾಜ್ಯಕ್ಕೆ ಬಿಟ್ಟುಕೊಡಿ, ಕುರ್ಚಿ ತಮ್ಮಲ್ಲೇ ಇರಲಿ.

ಇಷ್ಟರಲ್ಲಿ ತಮ್ಮ ಅರ್ಜಿ ತುಂಬಿ ಕಳಿಸುವಾಗ ನನ್ನದೊಂದು ತಪ್ಪಾಯಿತು. "ನಮ್ಮ ರಾಜ್ಯದಲ್ಲಿ ಉದ್ಯಮದ ವಿಳಾಸ" ಎಂಬಲ್ಲಿ ನಾನು ಪ್ರಾಮಾಣಿಕಳಾಗಿ ಆರ್ಡಿಸಳ ಮನೆಯ ವಿಳಾಸ ಬರೆದಿದ್ದೆ. ತಮ್ಮ ನೋಟಿಸು ನೇರ ಅಲ್ಲಿಗೇ ಹೋಯಿತು: ಈ ವಿಳಾಸದ ಉದ್ಯಮವು ನಿಯಮ ಪಾಲಿಸಿಲ್ಲ, ಕ್ರಮ ಜರುಗಿಸಲಾಗುವುದು. ಗ್ರಂಥಾಲಯದ ಪುಸ್ತಕವನ್ನೂ ಒಂದು ದಿನ ತಡಮಾಡದ ಹೆಂಗಸು ಅವಳು. ಅಂದೇ ಫೋನು ಮಾಡಿದಳು. "ಲವೋನ್, ನಾನಿನ್ನು ಗುಲಾಬಿ ಬಿಡ್ಸಲ್ಲ ಕಣೇ. ನನ್ನಿಂದ ನಿಂಗ್ಯಾಕೆ ತೊಂದ್ರೆ? ಆ ತೆರಿಗೆಯೋರಿಗೂ ಪಾಪ, ಎಷ್ಟ್ ಕೆಲ್ಸ ಇರತ್ತೋ ಏನೋ." ಸಂಜೆ ಪಕ್ಕದ ಮನೆಯವಳ ಕೈಲಿ ಒಲೆಯಲ್ಲಿ ತಟ್ಟೆ ಸಮೇತ ಬೇಯಿಸಿದ ಬಿಸಿಬಿಸಿ ಆಲೂಗಡ್ಡೆ ಹಾಟ್‌ಡಿಶ್ ಬೇರೆ ಕಳಿಸಿದಳು. ನಮ್ಮಲ್ಲಿ ಸಾವಿಗೂ ಅದೇ ತಿನಿಸು, ರಾಜೀನಾಮೆಗೂ ಅದೇ.

ಓಡಿಹೋಗಿ ಬೇಡಿಕೊಂಡೆ. "ಕಾಫಿ ಕುಡೀತೀಯಾ?" ಎಂದಳು. ಮತ್ತೆ ಬೇಡಿದೆ. "ಈ ಸಲ ಜೋಳ ಚೆನ್ನಾಗಿ ಬಂದಿದ್ಯಂತೆ" ಎಂದಳು. ಜಗಳವಾಡಿ ಬಿಟ್ಟಿದ್ದರೆ ರಾಜಿಯಾಗಬಹುದಿತ್ತು. ಮರ್ಯಾದೆಯಿಂದ ಬಿಟ್ಟವಳನ್ನು ಒಲಿಸುವ ದಾರಿ ನನಗೆ ಗೊತ್ತಿಲ್ಲ. ಮೇಜು ಒರೆಸಿ ಬರಿದಾಗಿತ್ತು, ಅವಳು ಅದರ ಮುಂದೆಯೇ ಕೈಕಟ್ಟಿ ಕೂತಿದ್ದಳು. ಹಿಂದಿರುಗುವಾಗ ಕಾರಿನಲ್ಲಿ ಅತ್ತುಬಿಟ್ಟೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಆದುದರಿಂದ ಕೊನೆಯದಾಗಿ ಒಂದೇ ಕೋರಿಕೆ. ಬಿಡುವಾದಾಗ ತಾವೇ ಆರ್ಡಿಸಳಿಗೆ ಕರೆ ಮಾಡಿ, ಅವಳಿಂದ ಯಾರಿಗೂ ಏನೂ ತೊಂದರೆಯಾಗಿಲ್ಲವೆಂದು ಹೇಳಬೇಕು. ನನ್ನ ಮಾತು ಕೇಳದವಳು ಸರ್ಕಾರದ ಮಾತನ್ನು ನಂಬುತ್ತಾಳೆ.

ತೆರಿಗೆ ಹಿಡಿಯಲು ಹೊರಟು ಕೆಲಸದವಳನ್ನು ಕಳೆದುಕೊಂಡ,
ತಮ್ಮ ವಿಶ್ವಾಸಿ,
ಲವೋನ್ ಟ್ವೀಟನ್

ವಿ.ಸೂ.: ಈ ಪತ್ರ ಅಂಚೆಗೆ ಹಾಕುವ ಮೊದಲೇ ತಮ್ಮ ನೋಂದಣಿ ಸಂಖ್ಯೆ ಬಂದು ತಲುಪಿತು, ಕೃತಜ್ಞತೆಗಳು. ಕೆಲಸದವರು ಇಲ್ಲದಿದ್ದರೂ ಲೆಕ್ಕ ಸಲ್ಲಿಸಲೇಬೇಕೆಂಬ ಆಜ್ಞೆಯಂತೆ ಸೊನ್ನೆ ಎಂದು ತುಂಬಿದ್ದೇನೆ. ಅವಳು ಕೆಲಸ ಬಿಟ್ಟದ್ದೇಕೆ ಎಂಬುದಕ್ಕೆ ತಾವು ಮೂರೇ ಆಯ್ಕೆ ಕೊಟ್ಟಿದ್ದೀರಿ: ವಜಾ, ನಿವೃತ್ತಿ, ಮರಣ. ವಜಾ ನಾನು ಮಾಡಿಲ್ಲ, ನಿವೃತ್ತಿ ಅವಳು ಬಯಸಿರಲಿಲ್ಲ. ಆ ಮೇಜಿನ ಮುಂದೆ ಅವಳು ಕೂತಿರುವುದನ್ನು ನೋಡಿ ಬಂದ ಮೇಲೆ ಮೂರನೆಯದು ಪೂರ್ತಿ ಸುಳ್ಳೆನ್ನಲು ನನಗೆ ಬಾಯಿ ಬರಲಿಲ್ಲ, ಅದಕ್ಕೆ ಗುರುತು ಹಾಕಲು ಕೈಯೂ ಬರಲಿಲ್ಲ. ಜಾಗ ಖಾಲಿ ಬಿಟ್ಟಿದ್ದೇನೆ, ತಾವೇ ತುಂಬಿಕೊಳ್ಳಿ.